ಕೊಸರಿಲ್ಲದ ಸೌದಾ

ನಮ್ಮ ಮನೆಯ ತಿಂಗಳ ಸಾಮಾನಿನ ಚೀಟಿ ಎರಡು ಭಾಷೆಗಳಲ್ಲಿ ತಯಾರಾಗುತ್ತಿತ್ತು. ಅಮ್ಮಿ ಒಲೆಯ ಮುಂದೆ ಕೂತು ಉರ್ದುವಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ‘ತುವರ್ ಕಿ ದಾಲ್ ದೋ ಕಿಲೊ’ ಎಂದರೆ ತೊಗರಿಬೇಳೆ 2 ಕೆಜಿ, ‘ಇಮ್ಲಿ’ ಎಂದರೆ ಹುಣಸೆಹಣ್ಣು, ‘ಹಲ್ದಿ’ ಎಂದರೆ ಅರಿಶಿನ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ಹೊಸತರಲ್ಲಿ ನನ್ನ ಕಾಗುಣಿತ ತಿದ್ದಿದವರಲ್ಲಿ ಮೇಷ್ಟರಷ್ಟೇ ಪಾಲು ಉಬ್ರಾಣಿಯ ಕಿರಾಣಿ ಅಂಗಡಿಯ ಯಜಮಾನರಿಗೂ ಸಲ್ಲಬೇಕು. ತಪ್ಪಿದ ಅಕ್ಷರವನ್ನು ಪೆನ್ಸಿಲಿನಿಂದ ತಿದ್ದಿ, ಸಾಮಾನೆಲ್ಲ ಕಟ್ಟಿ, ಲೆಕ್ಕ ಬರೆದು, ಕೊನೆಗೆ ಒಂದು ಚೂರು ಬೆಲ್ಲ ಕೈಗಿಡುತ್ತಿದ್ದರು. ಅದು ಕೊಸರು. ಅದಕ್ಕೆ ಚೀಟಿಯಲ್ಲಿ ಸಾಲಿರಲಿಲ್ಲ, ಲೆಕ್ಕದಲ್ಲಿ ಪೈಸೆ ಇರಲಿಲ್ಲ. ನಮ್ಮ ಮನೆಗಳಲ್ಲಿ ಅಂಗಡಿ ಸಾಮಾನಿಗೆ ಸೌದಾ ಎನ್ನುತ್ತಾರೆ. ಕೊಸರಿಲ್ಲದೆ ಸೌದಾ ಮುಗಿಯಿತು ಎಂದು ನಾನು ಆಗ ಒಪ್ಪುತ್ತಲೇ ಇರಲಿಲ್ಲ.

ಅಂಗಡಿ ಈಗಲೂ ಇದೆ. ಯಜಮಾನರ ಮಗ ಕೂರುತ್ತಾರೆ. ಕಳೆದ ಮಳೆಗಾಲದಲ್ಲಿ ಖಾಲಾರ ಮನೆಗೆ ಹೋದವನು ಒಂದು ಸಂಜೆ ಅಲ್ಲಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದೆ. ತೋಟದ ಕೆಲಸ ಮುಗಿಸಿದ ಹೆಂಗಸರು ಬಂದು ಹೋಗುವ ಹೊತ್ತು. ಒಬ್ಬರ ಕೈಯಲ್ಲೂ ಚೀಟಿ ಕಾಣಲಿಲ್ಲ. ಕೆಜಿ ಎಂಬ ಶಬ್ದ ಎರಡೋ ಮೂರೋ ಸಲ ಕಿವಿಗೆ ಬಿದ್ದಿರಬೇಕು. ಉಳಿದಂತೆ ಎಲ್ಲ ರೂಪಾಯಿಯ ಲೆಕ್ಕ. ‘ಅಣ್ಣಾ, ಇಪ್ಪತ್ರುಪಾಯ್ದು ಬೇಳೆ ಕೊಡಣ್ಣಾ’, ‘ಹತ್ರುಪಾಯ್ದು ಚಾಪುಡಿ’, ‘ಐದ್ರುಪಾಯ್ದು ಖಾರದಪುಡಿ ಎರಡು’. ಇಪ್ಪತ್ತು ರೂಪಾಯಿಗೆ ಬೇಳೆ ಎಷ್ಟು ಬಂತು ಎಂದು ಯಾರೂ ಕೇಳಲಿಲ್ಲ. ಮೊದಲು ಅಳತೆ ನಮ್ಮದಾಗಿತ್ತು, ಬೆಲೆ ಹೇಳುವುದು ಅಂಗಡಿಯವರ ಕೆಲಸವಾಗಿತ್ತು. ಈಗ ಬೆಲೆಯನ್ನು ಗಿರಾಕಿಯೇ ಹೇಳುತ್ತಾಳೆ, ಅಳತೆ ಎಷ್ಟಾದರೂ ಆಗಲಿ ಎಂದು ಬಿಟ್ಟುಕೊಟ್ಟಿದ್ದಾಳೆ.

ಬೆಲೆಯೇರಿಕೆಯ ಬಗ್ಗೆ ನಮ್ಮಲ್ಲಿ ಬರವಣಿಗೆಗೇನೂ ಬರವಿಲ್ಲ. 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕೆಜಿಗೆ 200 ರೂಪಾಯಿ ದಾಟಿದಾಗ ಬರೆದೆವು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಸಾರಿ ಸೂರ್ಯಕಾಂತಿ ಎಣ್ಣೆ ದುಬಾರಿಯಾಯಿತು, ಅದರ ಬೆನ್ನಿಗೇ ಇಂಡೋನೇಷ್ಯಾ ಏಪ್ರಿಲ್ 28ರಿಂದ ಮೇ 23ರವರೆಗೆ ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿತು, ಆಗಲೂ ಬರೆದೆವು. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗಲಂತೂ ಟೊಮೆಟೊ ಹಾರ ಹಾಕಿಕೊಂಡ ವ್ಯಂಗ್ಯಚಿತ್ರಗಳಿಗೆ ಲೆಕ್ಕವಿರಲಿಲ್ಲ. ಬೆಲೆ ಇಳಿದ ದಿನ ಸುದ್ದಿಯೂ ಮುಗಿಯಿತು. ನನ್ನ ತಕರಾರು ಇರುವುದು ಇಲ್ಲೇ. ಬೆಲೆ ಏರಿದಾಗ ಬದಲಾದ ಕೊಳ್ಳುವ ರೂಢಿ, ಬೆಲೆ ಇಳಿದಾಗ ಹಿಂದಿರುಗಿ ಬರುವುದಿಲ್ಲ. 2015ರಲ್ಲಿ ಖಾಲಾ ತಿಂಗಳಿಗೆ ಎರಡು ಕೆಜಿ ತೊಗರಿಬೇಳೆ ತರುವುದನ್ನು ನಿಲ್ಲಿಸಿ ವಾರಕ್ಕೆ ಕಾಲು ಕೆಜಿಗೆ ಇಳಿದರು. ಮುಂದಿನ ವರ್ಷಗಳಲ್ಲಿ ಬೇಳೆ ಅಗ್ಗವಾದಾಗ ಆ ಎರಡು ಕೆಜಿಯ ಡಬ್ಬ ಮತ್ತೆ ತುಂಬಲಿಲ್ಲ. ಬೇಳೆಯಿಂದ ಉಳಿದ ಹಣ ಅಷ್ಟರಲ್ಲಿ ಗ್ಯಾಸಿಗೋ, ಸಂಘದ ವಾರದ ಕಂತಿಗೋ, ಮೊಮ್ಮಗನ ಫೀಜಿಗೋ ಹೋಗುವ ದಾರಿ ಕಲಿತಿತ್ತು. ‘ಡಬ್ಬಿಯಲ್ಲಿ ಈಗ ಗುಂಡಿ, ಸೂಜಿದಾರ ಇಟ್ಟಿದೀನಿ ಬೇಟಾ’ ಎಂದು ಖಾಲಾ ನಗುತ್ತಲೇ ಹೇಳಿದರು.

ಇಂಥ ಮನೆಗಳಿಗೆ ನಮ್ಮ ಪತ್ರಿಕೆಗಳ ಮಹಿಳಾ ಪುಟಗಳು ಕೊಡುವ ಬುದ್ಧಿವಾದವನ್ನು ಸ್ವಲ್ಪ ಓದಬೇಕು. ಮೊದಲೇ ಪಟ್ಟಿ ಮಾಡಿಕೊಂಡು ಹೋಗಿ. ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಸಗಟಾಗಿ ಕೊಳ್ಳಿ. ಆಫರ್ ಇದ್ದಾಗ ತಂದು ಶೇಖರಿಸಿಡಿ. ಹೊಟ್ಟೆ ತುಂಬಿರುವಾಗ ಮಾತ್ರ ಅಂಗಡಿಗೆ ಹೋಗಿ, ಹಸಿದಾಗ ಹೋದರೆ ಬೇಡದ್ದನ್ನೆಲ್ಲ ಕೊಳ್ಳುತ್ತೀರಿ. ಈ ಕೊನೆಯ ಸಲಹೆಯನ್ನು ಓದಿದಾಗಲೆಲ್ಲ ನನಗೆ ಆ ಸಂಜೆಯ ಬೆಂಚು ನೆನಪಾಗುತ್ತದೆ. ಈ ಸಲಹೆಗಳು ಸುಳ್ಳೇನಲ್ಲ. ತಿಂಗಳ ಮೊದಲ ವಾರ ಕೈಯಲ್ಲಿ ಇಡಿಗಂಟು ಇರುವವರಿಗೆ ಅವು ನೂರಕ್ಕೆ ನೂರು ನಿಜ. ದಿನಗೂಲಿಯ ಮನೆಗೆ ತಿಂಗಳೆಂಬುದೇ ಇಲ್ಲ, ಇರುವುದು ಸಂಜೆ ಮಾತ್ರ. ಸಂಬಳದವರ ಜಾಣತನವನ್ನು ಎಲ್ಲರ ನೀತಿಯನ್ನಾಗಿ ಬೋಧಿಸುವುದರಲ್ಲಿ ನಮ್ಮ ಮಧ್ಯಮವರ್ಗಕ್ಕೆ ಒಂದು ಬಗೆಯ ಸುಖವಿದೆ.

ಅವತ್ತು ಆ ಅಂಗಡಿಯಲ್ಲಿ ನಾನೇ ಲೆಕ್ಕ ಹಾಕಿ ನೋಡಿದೆ. ಹತ್ತು ರೂಪಾಯಿಯ ಚಹಾಪುಡಿ ಪೊಟ್ಟಣದ ಮೇಲೆ 25 ಗ್ರಾಂ ಎಂದಿತ್ತು. ಅಂದರೆ ಕೆಜಿಗೆ 400 ರೂಪಾಯಿ. ಅದೇ ಪುಡಿಯ ಅರ್ಧ ಕೆಜಿ ಪೊಟ್ಟಣಕ್ಕೆ 160, ಅಂದರೆ ಕೆಜಿಗೆ 320. ದಿನಕ್ಕೊಂದು ಪೊಟ್ಟಣ ಒಯ್ಯುವವಳು ಇಡಿಯಾಗಿ ಕೊಳ್ಳುವವಳಿಗಿಂತ ಕಾಲುಭಾಗ ಹೆಚ್ಚಿಗೆ ತೆರುತ್ತಾಳೆ. ಪೊಟ್ಟಣದ ಮೇಲೆ ಗ್ರಾಮಿಗೆ ಇಷ್ಟು, ಕೆಜಿಗೆ ಇಷ್ಟು ಎಂದು ಅಚ್ಚು ಹಾಕಬೇಕೆಂಬ ನಿಯಮ 2021ರ ತಿದ್ದುಪಡಿಯಲ್ಲಿ ಬಂತು. ಒಳ್ಳೆಯದೇ. ಆದರೆ ಅದೇ ತಿದ್ದುಪಡಿ, ಇಂತಿಂಥ ಸಾಮಾನನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕೆಂದು ಇದ್ದ ಹಳೆಯ ಪಟ್ಟಿಯನ್ನು ತೆಗೆದುಹಾಕಿತು. ಐದು ರೂಪಾಯಿ ಐದೇ ಆಗಿರುತ್ತದೆ, ಒಳಗಿನದು ಮಾತ್ರ ಸದ್ದಿಲ್ಲದೆ ಕರಗಬಹುದು. ಇನ್ನು ಅಕ್ಕಿಯ ಕಥೆ ಬೇರೆ ತಮಾಷೆಯದು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇಕಡ 5 ಜಿಎಸ್‌ಟಿ ಬಂತು. ಗಿರಣಿಗಳು 26 ಕೆಜಿಯ ಚೀಲ ಹೊಲಿಸಿದವು! ಚೀಲವನ್ನೇ ಎತ್ತಿಕೊಂಡು ಹೋಗಬಲ್ಲವರು ತೆರಿಗೆಯಿಂದ ಪಾರಾದರು. ಬಿಡಿ ಅಕ್ಕಿಗೆ ತೆರಿಗೆ ಇಲ್ಲ ನಿಜ, ಐದು ಕೆಜಿಯ ಪೊಟ್ಟಣ ಕೊಳ್ಳುವ ನಡುವಿನವರು ಸಿಕ್ಕಿಬಿದ್ದರು. ಹಾಲಿನಲ್ಲೂ ಅಳತೆ, ಬೆಲೆಗಳ ಇದೇ ಕಣ್ಣಾಮುಚ್ಚಾಲೆ ನಡೆಯಿತು. ನಂದಿನಿ ಪೊಟ್ಟಣಕ್ಕೆ 2024ರ ಜೂನ್‌ನಲ್ಲಿ 50 ಮಿಲಿಲೀಟರ್ ಹೆಚ್ಚಿಗೆ ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್ 1ಕ್ಕೆ ಲೀಟರಿಗೆ 4 ರೂಪಾಯಿ ಏರಿತು, ಹೆಚ್ಚುವರಿ ಹಾಲು ಹೋಯಿತು.

ಪೊಟ್ಟಣವನ್ನು ಪೂರಾ ಬೈಯುವುದೂ ಸರಿಯಲ್ಲ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಜನ ಸತ್ತ ಮೇಲೆ ಬಿಡಿ ಎಣ್ಣೆಯ ಮೇಲೆ ನಿರ್ಬಂಧಗಳು ಬಂದವು. ಮುಚ್ಚಿದ ಪೊಟ್ಟಣದಲ್ಲಿ ಅಷ್ಟರಮಟ್ಟಿಗೆ ಭರವಸೆಯಿದೆ. ನಮ್ಮೂರಿನ ಹಳೆಯ ತಕ್ಕಡಿಗಳೇನೂ ಸತ್ಯಹರಿಶ್ಚಂದ್ರನ ಮನೆಯಿಂದ ಬಂದವಲ್ಲ. ಆದರೂ ತಕ್ಕಡಿಯ ಮುಂದೆ ಒಂದು ಮಾತುಕತೆಯಿತ್ತು. ‘ಮುಳ್ಳು ನೋಡಣ್ಣಾ’ ಎನ್ನಬಹುದಿತ್ತು, ಚೌಕಾಸಿ ಮಾಡಬಹುದಿತ್ತು, ಎರಡೆಸಳು ಕರಿಬೇವು ಕೇಳಿ ಇಸಿದುಕೊಳ್ಳಬಹುದಿತ್ತು. ಅಚ್ಚಾದ ಬೆಲೆಯ ಮುಂದೆ ಬಾಯಿ ತೆರೆಯುವುದಾದರೂ ಹೇಗೆ? ಕೊಸರು ಹಾಕಲು ಅಂಗಡಿಯವರ ಹತ್ತಿರವೂ ಏನಿಲ್ಲ, ಎಲ್ಲವೂ ಎಣಿಸಿ ಬಂದದ್ದು. ‘ನನಗೆ ಉಳಿಯೋದೇ ಪೊಟ್ಟಣಕ್ಕೆ ಎಂಟಾಣೆ ಸಾರ್, ಅದ್ರಾಗೆ ಕೊಸರು ಎಲ್ಲಿಂದ ತರ್ಲಿ’ ಎಂದರು ಯಜಮಾನರ ಮಗ. ಉದ್ರಿ ಪುಸ್ತಕ ಮಾತ್ರ ಅಪ್ಪನ ಕಾಲದ್ದಕ್ಕಿಂತ ದಪ್ಪವಾಗಿದೆ. ಅಡಿಕೆ ಕೊಯ್ಲು ಶುರುವಾದ ಮೇಲೆ ತೀರಿಸುವ ವಾಯಿದೆಯ ಮೇಲೆ ಊರಿನ ಅರ್ಧ ಅಡುಗೆಮನೆ ಆ ಪುಸ್ತಕದಲ್ಲಿದೆ.

ಅಡಿಕೆಯ ಮಾತು ಬಂದದ್ದು ಒಳ್ಳೆಯದಾಯಿತು. ಉಬ್ರಾಣಿಯ ಸೌದಾ ಬದಲಾದದ್ದು ಬೆಲೆಯಿಂದ ಮಾತ್ರವಲ್ಲ. ಚನ್ನಗಿರಿ ತಾಲೂಕು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅಂದರೆ 1997ಕ್ಕೆ ಮೊದಲು, ನಮ್ಮ ಸುತ್ತಿನ ಹೊಲಗಳಲ್ಲಿ ರಾಗಿ, ಜೋಳದ ನಡುವೆ ಅಕ್ಕಡಿ ಸಾಲುಗಳಿದ್ದವು. ತೊಗರಿ, ಅವರೆ, ಅಲಸಂದೆ, ಹುರುಳಿ ಆ ಸಾಲುಗಳಿಂದಲೇ ಮನೆಗೆ ಬರುತ್ತಿದ್ದವು. ಹೊಲವಿಲ್ಲದವರಿಗೂ ಕಟಾವಿನ ಕೂಲಿಯ ಜೊತೆಗೆ ಸೇರು, ಬಳ್ಳದ ಲೆಕ್ಕದಲ್ಲಿ ಕಾಳು ಸಿಗುತ್ತಿತ್ತು. ಕೊಳವೆಬಾವಿಗಳು ಬಂದವು, ಭದ್ರೆಯ ನೀರನ್ನೆತ್ತಿ ಕೆರೆ ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಬಂತು, ಹೊಲಗಳು ತೋಟಗಳಾದವು. ಇದರಲ್ಲಿ ಯಾರದೂ ತಪ್ಪಿಲ್ಲ. ರಾಗಿ ಬೆಳೆದು ಸಾಲಗಾರನಾಗು ಎಂದು ರೈತನಿಗೆ ಹೇಳುವ ಹಕ್ಕು ಸಂಬಳ ತಿನ್ನುವ ನನಗಂತೂ ಇಲ್ಲ. ಆದರೆ ಅಡಿಕೆ ತೋಟದೊಳಗೆ ಅಕ್ಕಡಿ ಸಾಲಿಗೆ ಜಾಗವಿಲ್ಲ. ಅಡಿಕೆಯನ್ನು ಅಗಿಯಬಹುದು, ಸಾರು ಮಾಡಲಾಗದು. ತೋಟದವನೂ ಕೂಲಿಯವನೂ ಇಬ್ಬರೂ ಅಂಗಡಿಯ ಗಿರಾಕಿಗಳಾದರು. ವ್ಯತ್ಯಾಸವಿರುವುದು ಇಷ್ಟೆ: ಬೇಳೆಯ ಬೆಲೆ ಏರಿದ ವರ್ಷ ಚನ್ನಗಿರಿಯ ತುಮ್ಕೋಸ್‌ನಲ್ಲಿ ರಾಶಿ ಅಡಿಕೆಯ ಧಾರಣೆಯೂ ಏರಿದ್ದರೆ ತೋಟದವರಿಗೆ ಅದು ಸರಿದೂಗುತ್ತದೆ. ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹೆಂಗಸಿಗೆ ಧಾರಣೆ ಏರಿದರೂ ಡಬ್ಬದ ಕೂಲಿ ಅಷ್ಟೇ ವೇಗದಲ್ಲಿ ಏರುವುದಿಲ್ಲ. ಕಾಳಿನ ಕೂಲಿಗೆ ಬೆಲೆಯೇರಿಕೆ ಗೊತ್ತಿರಲಿಲ್ಲ. ರೂಪಾಯಿಯ ಕೂಲಿಗೆ ಪ್ರತಿ ಸಂಜೆ ಗೊತ್ತಾಗುತ್ತದೆ.

ಅಂಕಿಅಂಶದವರು ಇದನ್ನು ಬೇರೆ ರೀತಿ ಓದುತ್ತಾರೆ. ಮನೆಖರ್ಚಿನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ 1999–2000ರಲ್ಲಿ ಖರ್ಚಿನ ಶೇಕಡ 59.40 ಭಾಗ ಆಹಾರಕ್ಕೆ ಹೋಗುತ್ತಿತ್ತು. 2022–23ರಲ್ಲಿ ಅದು 46.38ಕ್ಕೆ ಇಳಿಯಿತು, ಮರುವರ್ಷ 47.04 ಆಯಿತು. ಧಾನ್ಯಗಳ ಪಾಲಂತೂ ಶೇಕಡ 22ರ ಆಸುಪಾಸಿನಿಂದ 5ರೊಳಗೆ ಬಂತು. ಊಟಕ್ಕೆ ಹೋಗುವ ಪಾಲು ಕಡಿಮೆಯಾದಷ್ಟೂ ಮನೆ ಸುಖವಾಗಿದೆ ಎಂಬುದು ಜರ್ಮನಿಯ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ಕಂಡುಕೊಂಡ ಸೂತ್ರ. ಸೂತ್ರದಲ್ಲಿ ಸತ್ಯವಿದೆ, ನಮ್ಮೂರಿನಲ್ಲಿ ಹಸಿದು ಮಲಗುವವರು ನನ್ನ ಬಾಲ್ಯಕ್ಕಿಂತ ಕಡಿಮೆ ಎಂಬುದನ್ನು ನಾನೇ ನೋಡಿದ್ದೇನೆ. ಆದರೆ ಔಷಧಿ, ಫೀಜು, ಬಸ್ಸು, ಮೊಬೈಲು, ಕಂತು ಇವೆಲ್ಲ ಕಾಯಲು ಒಪ್ಪದ ಖರ್ಚುಗಳು. ಹೊಟ್ಟೆಯೊಂದನ್ನು ಮಾತ್ರ ಸ್ವಲ್ಪ ಸುಮ್ಮನಿರಿಸಬಹುದು. ಹೊಟ್ಟೆಯ ಪಾಲು ಇಳಿದದ್ದು ತುಂಬಿದ್ದರಿಂದಲೋ, ಬೇರೆಯವರು ಜಗಳವಾಡಿ ಕಿತ್ತುಕೊಂಡದ್ದರಿಂದಲೋ ಎಂಬುದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಹಳ್ಳಿಯ ಆಹಾರದ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಪಾನೀಯ ಮತ್ತು ತಯಾರಾದ ತಿನಿಸುಗಳದು, 2022–23ರಲ್ಲಿ ಒಟ್ಟು ಖರ್ಚಿನ ಶೇಕಡ 9.62. ಹಾಲು ಅದರ ನಂತರ. ತಾಯಿ ಬರುವುದು ತಡವಾದಾಗ ಮಗುವಿನ ಕೈಗೆ ಕೊಡುವ ಐದು ರೂಪಾಯಿಯ ಕುರುಕಲು ಈ ಲೆಕ್ಕದಲ್ಲಿ ಸಮೃದ್ಧಿಯಾಗಿ ಕೂತಿದೆ.

ರೇಷನ್ ಅಕ್ಕಿಯ ಬಗ್ಗೆಯೂ ಒಂದು ಮಾತು. ಅನ್ನಭಾಗ್ಯ 2013ರಲ್ಲಿ ಬಂದಾಗಿನಿಂದ ಕೇಳುತ್ತಿರುವ ದೂರು, ‘ಅಕ್ಕಿ ಮಾರ್ಕೋತಾರೆ’ ಎಂಬುದು. ಮಾರುವುದು ಕಾನೂನಿಗೆ ವಿರುದ್ಧ, ಅದನ್ನು ದಂಧೆ ಮಾಡಿಕೊಂಡ ದಲ್ಲಾಳಿಗಳೂ ಇದ್ದಾರೆ. ಆದರೆ ಆ ಹೆಂಗಸು ಅಕ್ಕಿ ಕೊಟ್ಟು ಏನು ತಂದಳು ಎಂದು ದೂರುವವರು ಕೇಳಿದ್ದು ಕಡಿಮೆ. ಬಹಳ ಸಲ ಅವಳು ತಂದದ್ದು ಎಣ್ಣೆ, ಬೇಳೆ. ಬರಿ ಅನ್ನವನ್ನು ಎಷ್ಟು ದಿನ ತಿನ್ನಲಾದೀತು? 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಟ್ಟರು, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ಹನ್ನೆರಡು ವರ್ಷದ ನಂತರ ಸರ್ಕಾರ, ಅಪರಾಧಿ ಎನಿಸಿಕೊಂಡ ಹೆಂಗಸಿನ ಚೀಟಿಯನ್ನೇ ಓದಿದಂತಾಯಿತು. 2023ರ ಆಗಸ್ಟ್‌ನಿಂದ ಬಂದ ಗೃಹಲಕ್ಷ್ಮಿಯ 2,000 ರೂಪಾಯಿಯ ಬಗ್ಗೆ ಪೇಟೆಯವರ ತಿರಸ್ಕಾರ ಏನೇ ಇರಲಿ, ಆ ಹಣ ಮೊದಲ ಸಲ ಕೈಗೆ ಬಂದ ವಾರ ಖಾಲಾ ಮೊಮ್ಮಗಳನ್ನು ಕೂರಿಸಿಕೊಂಡು ಸೌದಾ ಚೀಟಿ ಬರೆಸಿದರು. ಎಷ್ಟೋ ವರ್ಷಗಳ ಮೇಲೆ ಬರೆಸಿದ ಚೀಟಿ.

ಆ ಚೀಟಿಯನ್ನು ನಾನು ನೋಡಿದೆ, ಖಾಲಾ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ಮೊದಲ ಸಾಲುಗಳು ಯಾವಾಗಲೂ ಇರುವಂಥವೇ. ಅಕ್ಕಿ ಇಲ್ಲ, ಅದು ರೇಷನ್ನಿನದು. ಎಣ್ಣೆ, ಬೇಳೆ, ಸಕ್ಕರೆ, ಚಹಾಪುಡಿ, ಖಾರದಪುಡಿ. ನಡುವೆ ಮಕ್ಕಳ ಬಿಸ್ಕತ್ತು, ಮಗನ ಷೇವಿಂಗ್ ಬ್ಲೇಡು. ಕೊನೆಯ ಸಾಲುಗಳಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಖರ್ಜೂರ, ಸೊಸೆಗೆ ಬೇಕಾದ ಪ್ಯಾಡು. ಅಂಗಡಿಯಲ್ಲಿ ಲೆಕ್ಕ ಮೀರಿದಾಗ ಕೆಳಗಿನಿಂದ ಹೊಡೆದುಹಾಕುತ್ತಾ ಬರುತ್ತಾರೆ. ಕೆಳಗಿನ ಸಾಲುಗಳು ಯಾರವು ಎಂದು ಓದುಗರು ತಮ್ಮ ಮನೆಯ ಚೀಟಿಯನ್ನೂ ಒಮ್ಮೆ ತೆಗೆದು ನೋಡಬಹುದು. ಊಟದಲ್ಲೂ ಇದೇ ಕ್ರಮ. 2021ರ ಜನವರಿಯಲ್ಲಿ ಹೊಸ ಗೋಹತ್ಯೆ ನಿಷೇಧ ಕಾಯ್ದೆ ಜಾರಿಯಾದ ಮೇಲೆ ಬಡ ಮುಸ್ಲಿಮರ, ದಲಿತರ ಮನೆಗಳ ಅಗ್ಗದ ಮಾಂಸ ಹೋಯಿತು. ಅದರ ಜಾಗಕ್ಕೆ ಕೋಳಿ, ಕೋಳಿ ದುಬಾರಿಯಾದ ವಾರ ಮೊಟ್ಟೆ. ನಾಲ್ಕು ಮೊಟ್ಟೆ ತಂದರೆ ಅವು ದುಡಿಯುವ ಗಂಡಸಿಗೆ, ಓದುವ ಮಕ್ಕಳಿಗೆ. ‘ನಮಗೆ ಸಾರಿನ ರುಚಿ ಸಾಕು’ ಎಂದ ಖಾಲಾರ ಮಾತನ್ನು ನಾವು ತ್ಯಾಗ ಎಂದು ಕೊಂಡಾಡುತ್ತೇವೆ, ರಕ್ತಹೀನತೆ ಎಂದು ಬರೆಯುವುದು ಡಾಕ್ಟರ ಚೀಟಿಯಲ್ಲಿ ಮಾತ್ರ.

ರಮಜಾನಿನ ಕೊನೆಗೆ ಮಸೀದಿಯ ಹಲಗೆಯ ಮೇಲೆ ಫಿತ್ರ್‌ನ ಮೊತ್ತ ಬರೆಯುತ್ತಾರಲ್ಲ, ಅದರಲ್ಲಿ ನನಗೆ ಹಳೆಯ ಕಾಳಿನ ಕೂಲಿಯ ನೆನಪಿದೆ. ಅಲ್ಲಿ ನಿಗದಿಯಾಗಿರುವುದು ಹಣವಲ್ಲ, ಧಾನ್ಯದ ಅಳತೆ. ಆ ವರ್ಷದ ಬಜಾರಿನ ಬೆಲೆ ಕಟ್ಟಿ ರೂಪಾಯಿ ಹೇಳುತ್ತಾರೆ, ಆದ್ದರಿಂದ ಬೆಲೆ ಏರಿದರೂ ಬಡವನ ಪಾಲಿನ ಅಳತೆ ಕರಗುವುದಿಲ್ಲ. ಆದರೆ ಹನಫಿ ಲೆಕ್ಕದಲ್ಲಿ 2 ಕೆಜಿ ಆಸುಪಾಸಿನ ಗೋಧಿ ಕೊಡಬಹುದು, ಇಲ್ಲವೇ ಅದರ ಇಮ್ಮಡಿ ಅಳತೆಯ ಜವೆಗೋಧಿ, ಖರ್ಜೂರ, ಒಣದ್ರಾಕ್ಷಿ. ಕಾರಿನಲ್ಲಿ ನಮಾಜಿಗೆ ಬರುವವರೂ ಗೋಧಿಯ ದರವನ್ನೇ ಕೊಟ್ಟು ಕೈತೊಳೆದುಕೊಳ್ಳುವುದನ್ನು ನೋಡುತ್ತೇನೆ. ಖರ್ಜೂರದ ದರದಲ್ಲಿ ಕೊಡಬಾರದೆಂದು ಯಾರೂ ತಡೆದಿಲ್ಲ.

ಕಥೆಗಾರರಾದ ನಾವು ಇದನ್ನೆಲ್ಲ ಎಷ್ಟು ಕಂಡಿದ್ದೇವೆ? ಉರ್ದು ಶಾಲೆಯಲ್ಲಿ ಪ್ರೇಮಚಂದರ ‘ಈದ್‌ಗಾಹ್’ ಓದಿದೆವು. ಜಾತ್ರೆಯ ಮಿಠಾಯಿ, ಆಟಿಕೆ ಬಿಟ್ಟು, ಇದ್ದ ಮೂರು ಪೈಸೆಗೆ ಅಜ್ಜಿಗಾಗಿ ಚಿಮಟಿಗೆ ಕೊಂಡು ತರುವ ಹಮೀದ್. ಅವನಲ್ಲಿ ಯಾವ ಸದ್ಗುಣವಿದೆ ಎಂಬುದು ಪರೀಕ್ಷೆಯ ಪ್ರಶ್ನೆ. ಮೂರು ಪೈಸೆಯ ವಸ್ತುವೊಂದಿಲ್ಲದೆ ಅಷ್ಟು ವರ್ಷ ಆ ಮುದುಕಿ ಕೈ ಸುಟ್ಟುಕೊಂಡದ್ದೇಕೆ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಇನ್ನೊಂದನ್ನೂ ನಾನು ಬಹಳ ತಡವಾಗಿ ಗಮನಿಸಿದೆ: ಅಂಗಡಿಯವನು ಆರು ಪೈಸೆ ಹೇಳಿದ್ದು, ಹುಡುಗ ಜಗ್ಗಿ ಮೂರಕ್ಕೆ ಇಳಿಸಿದ್ದು. ಬೆಲೆ ಅಚ್ಚಾಗಿರುವ ಅಂಗಡಿಯಲ್ಲಿ ಆ ಕಥೆ ನಡೆಯುವುದೇ ಇಲ್ಲ. ಕನ್ನಡದಲ್ಲಿ ಹಸಿವಿನ ದೊಡ್ಡ ಕಥನಗಳಿವೆ. ದೇವನೂರರ ‘ಒಡಲಾಳ’ದಲ್ಲಿ ಇಡೀ ಮನೆ ಒಂದು ರಾತ್ರಿ ಕೂತು ಕಡಲೆಕಾಯಿ ತಿಂದು ಮುಗಿಸುವುದನ್ನು ಓದಿದವರು ಮರೆಯಲಾರರು. ಆ ಹಸಿವಿಗೆ ಸದ್ದಿದೆ, ಸಂಭ್ರಮವಿದೆ, ಅದು ಪೊಲೀಸರನ್ನೂ ಮನೆಗೆ ಕರೆತರುತ್ತದೆ. ಇಂದಿನ ಕೊರತೆಗೆ ಸದ್ದಿಲ್ಲ. ಅದು ಹೊಟ್ಟೆ ಖಾಲಿ ಬಿಡುವುದಿಲ್ಲ, ಬೇಳೆಯನ್ನಷ್ಟೇ ತಿಳಿಯಾಗಿಸುತ್ತದೆ. ಇದನ್ನು ಬರೆಯುವ ಭಾಷೆ ನಮಗಿನ್ನೂ ಸಿಕ್ಕಿಲ್ಲ. ಮುಸ್ಲಿಂ ಕಥೆಗಾರರಾದ ನಮ್ಮಿಂದ ಓದುಗರೂ ಸಂಪಾದಕರೂ ತಲಾಖು, ಪರದೆ, ಗಲಭೆಗಳನ್ನು ನಿರೀಕ್ಷಿಸುತ್ತಾರೆ, ನಾವೂ ಒದಗಿಸುತ್ತೇವೆ. ಅವು ಬರೆಯಬೇಕಾದವೇ. ಆದರೆ ಪರದೆಯೊಳಗಿನ ಹೆಂಗಸು ದಿನವೂ ಅಂಗಡಿಗೆ ಹೋಗುತ್ತಾಳೆ, ದಿನವೂ ಲೆಕ್ಕ ಹಾಕುತ್ತಾಳೆ.

ಈ ಬರಹಕ್ಕಾಗಿ ಸುಮಾರು ಇಪ್ಪತ್ತು ವರ್ಷದ ಹಿಂದಿನ ನನ್ನದೇ ಒಂದು ಕಥೆಯನ್ನು ತೆಗೆದು ಓದಿದೆ. ಒಂದಿಷ್ಟು ಮೆಚ್ಚುಗೆ ಪಡೆದ ಕಥೆ. ಗಂಡ ಬಿಟ್ಟ ಹೆಣ್ಣುಮಗಳು ಮೊದಲ ಬಾರಿಗೆ ಒಬ್ಬಳೇ ಬಜಾರಿಗೆ ಹೋಗಿ ಬರುವ ದೃಶ್ಯವಿದೆ. ಬುರ್ಖಾದ ಬಣ್ಣ, ಬೀದಿಯ ಕಣ್ಣುಗಳು, ಅವಳ ಎದೆಬಡಿತ ಎಲ್ಲವನ್ನೂ ಎರಡು ಪುಟ ವರ್ಣಿಸಿದ್ದೇನೆ. ಅವಳು ಚೀಲ ತುಂಬಿಕೊಂಡು ಮನೆಗೆ ಬಂದಳು ಎಂದಿದೆ. ಚೀಲದಲ್ಲಿ ಏನಿತ್ತು, ಎಷ್ಟಿತ್ತು, ದುಡ್ಡು ಎಲ್ಲಿಂದ ಬಂತು ಎಂದು ನಾನು ಬರೆದಿರಲಿಲ್ಲ.